ಬೆತ್ತ ಹೆಣೆದ ಕೈ

ಹಳೆಯ ಮನೆಗಳಲ್ಲಿ ಆರಾಮಕುರ್ಚಿ ಅಟ್ಟ ಸೇರುವುದು ಮರ ಮುರಿದಾಗ ಅಲ್ಲ, ಬೆತ್ತ ಹರಿದಾಗ. ಬೀಟೆಯೋ ತೇಗವೋ ಹಲಸೋ, ಚೌಕಟ್ಟು ಗಟ್ಟಿಯಾಗಿಯೇ ಇರುತ್ತದೆ. ತಲೆಮಾರುಗಳ ಅಂಗೈ ಸವರಿ ಸವರಿ ತೋಳುಗಳಿಗೆ ಬಂದ ಹೊಳಪೂ ಹಾಗೆಯೇ ಇರುತ್ತದೆ. ನಡುವಿನ ಹೆಣಿಗೆ ಮಾತ್ರ ಒಂದೊಂದೇ ಎಳೆ ಕಡಿದುಕೊಂಡು ಜೋತುಬೀಳುತ್ತದೆ. ಮತ್ತೆ ಹೆಣೆಸೋಣವೆಂದರೆ ಊರಲ್ಲಿ ಆ ಕೆಲಸ ಬಲ್ಲವರಿಲ್ಲ. ಯಾರೋ ಪ್ಲೈವುಡ್ ತುಂಡು ಹೊಡೆಸು ಎನ್ನುತ್ತಾರೆ, ಇನ್ಯಾರೋ ಗುಜರಿಯವನನ್ನು ಕರೆಯುತ್ತಾರೆ. ಇಂಥ ಕುರ್ಚಿಗಳೇ ಆಮೇಲೆ ಕೊಚ್ಚಿಯ ಮಟ್ಟಾಂಚೇರಿಯಲ್ಲೋ ಕಾರೈಕುಡಿಯಲ್ಲೋ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಮೆರುಗು ಹಚ್ಚಿಸಿಕೊಂಡು, ಹೊಸ ಬೆತ್ತ ಹಾಕಿಸಿಕೊಂಡು, ಎಷ್ಟೋ ಪಟ್ಟು ಬೆಲೆಗೆ ನಿಂತಿರುತ್ತವೆ. ಕೊಳ್ಳಲು ಬಂದವರು ಯಾವ ಮರ ಎಂದು ಕೇಳುತ್ತಾರೆ, ಎಷ್ಟು ವರ್ಷದ್ದು ಎಂದು ಕೇಳುತ್ತಾರೆ. ಬೆತ್ತ ಹೆಣೆದವರು ಯಾರು ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ನನ್ನ ಮನಸ್ಸು ಹೋಗುವುದು ಅಲ್ಲಿಗೇ.

ಬೆತ್ತ ಏಷ್ಯಾದ ಕಾಡುಗಳ ಸಂತಾನ. ತಾಳೆ, ಅಡಿಕೆಗಳ ಕುಲಕ್ಕೆ ಸೇರಿದ್ದು. ಆದರೆ ನೆಟ್ಟಗೆ ನಿಲ್ಲದೆ, ಮುಳ್ಳಿನ ಕೊಕ್ಕೆಗಳಿಂದ ಪಕ್ಕದ ಮರವನ್ನು ಹಿಡಿದು ಬಿಸಿಲಿನತ್ತ ಹತ್ತುತ್ತದೆ. ನಮ್ಮ ಘಟ್ಟದ ಕಾಡಿನಲ್ಲೂ ನಾಗಬೆತ್ತದಂಥ ಹಲವು ಜಾತಿಗಳಿವೆ. ಏಷ್ಯಾದ ಬೆತ್ತ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಇಂಗ್ಲೆಂಡಿಗೆ ಹೋಗಿ 1660ರ ದಶಕದಲ್ಲಿ ಅಲ್ಲಿನ ಕುರ್ಚಿಗಳಿಗೆ ಏರಿತು. ಕೆಲವೇ ವರ್ಷಗಳಲ್ಲಿ ಅದಕ್ಕೆ ಎಷ್ಟು ಬೇಡಿಕೆ ಬಂತೆಂದರೆ, ಉಣ್ಣೆಬಟ್ಟೆಯ ಹೊದಿಕೆ ನೇಯುವವರು ಹೊಟ್ಟೆಪಾಡು ಹೋಯಿತೆಂದು 1680ರ ದಶಕದಲ್ಲಿ ಪಾರ್ಲಿಮೆಂಟಿನ ಬಾಗಿಲು ತಟ್ಟಿದರು. ಬೆತ್ತದ ಕುರ್ಚಿಯವರು ಅದಕ್ಕೆ ಕೊಟ್ಟ ಉತ್ತರದ ಸಾರ ಇಷ್ಟು: ನಮ್ಮದು ಹಗುರ, ಬಾಳಿಕೆ ಬರುತ್ತದೆ, ದೂಳು ಕೂರುವುದಿಲ್ಲ, ನುಸಿ ಹುಳು ಸೇರುವುದಿಲ್ಲ. ಮುನ್ನೂರು ವರ್ಷಗಳಾಚೆಯೂ ಇದರಲ್ಲಿ ತಿದ್ದಬೇಕಾದ ಒಂದು ಮಾತಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಹತ್ತಿಯ ಮೆತ್ತೆ ಬೂಷ್ಟು ಹಿಡಿಯುತ್ತದೆ. ಬೆತ್ತದ ಕಣ್ಣುಗಳಲ್ಲಿ ಗಾಳಿ ಆಡುತ್ತಿರುತ್ತದೆ.

ಹಾಗೆ ಹೊರಗೆ ಹೋದ ಬೆತ್ತ, ಯುರೋಪಿನವರ ಆಸನದ ರೂಪ ತೊಟ್ಟು ನಮ್ಮ ಕಡೆಗೆ ಮರಳಿತು. ಕೊಡಗು, ಚಿಕ್ಕಮಗಳೂರು, ಸಿಂಹಳಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ತೋಟಗಳೆದ್ದಾಗ ಬಂಗಲೆಯ ಜಗುಲಿಗೆ ಬಂದದ್ದು ಪ್ಲಾಂಟರ್ಸ್ ಚೇರ್. ಒರಗು ಇಳಿಜಾರು, ಆಸನ ತಗ್ಗು, ತೋಳುಗಳು ಮಾತ್ರ ವಿಪರೀತ ಉದ್ದ. ಕೆಲವಕ್ಕೆ ತೋಳಿನ ಕೆಳಗೆ ಅಡಗಿದ ಇನ್ನೊಂದು ಪಟ್ಟಿ ಮುಂದಕ್ಕೆ ತಿರುಗಿ ಬರುತ್ತದೆ. ಇಡೀ ದಿನ ತೋಟ ಸುತ್ತಿ ಬಂದ ದೊರೆ ಅದರ ಮೇಲೆ ಎರಡೂ ಕಾಲು ಚಾಚುತ್ತಿದ್ದ, ಬೂಟು ಕಳಚಲು ಇನ್ನೊಬ್ಬ ಬರಬೇಕಿತ್ತು. ಈ ಕುರ್ಚಿಯ ಚೆಲುವನ್ನು ಹೊಗಳುವಾಗ ಇದನ್ನು ಮರೆಯಬಾರದು. ಆ ತೋಟ ಎಬ್ಬಿಸಿದವರು ಆ ಕುರ್ಚಿಯಲ್ಲಿ ಕೂರುವಂತಿರಲಿಲ್ಲ. ಆಮೇಲೆ ಅದು ನಮ್ಮ ಸಾಹುಕಾರರ ಚಾವಡಿಗೆ, ವಕೀಲರ ಹಜಾರಕ್ಕೆ ಬಂದಾಗಲೂ ಯಜಮಾನನ ಆಸನವಾಗಿಯೇ ಉಳಿಯಿತು. ಮನೆಯ ಹೆಂಗಸರು ಬಾಗಿಲ ಮರೆಯಲ್ಲೇ ನಿಂತರು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಂತೂ ದೊರೆಯ ಎದುರು ಡಚೆಸ್‌ಗಳಿಗೆ ಒರಗೂ ತೋಳೂ ಇಲ್ಲದ ಮಣೆಯೇ ದೊಡ್ಡ ಮರ್ಯಾದೆ, ಉಳಿದವರು ನಿಲ್ಲಬೇಕಿತ್ತು. ತೋಳಿರುವ ಕುರ್ಚಿ ಎಲ್ಲರಿಗೂ ಸಿಕ್ಕದ್ದು ಈಚೆಗೆ.

ಈಗ ಹೆಣಿಗೆಯ ವಿಷಯ. ಚೌಕಟ್ಟಿನ ಅಂಚಿನುದ್ದಕ್ಕೂ ಸಾಲಾಗಿ ತೂತು ಕೊರೆದಿರುತ್ತದೆ. ಬೆತ್ತದ ಹೊರಮೈಯನ್ನು ತೆಳ್ಳಗೆ ಸೀಳಿದ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಹೊಳಪಿನ ಮುಖ ಮೇಲಾಗಿ, ಮೊದಲು ಉದ್ದಕ್ಕೆ ಎಳೆಯುತ್ತಾರೆ. ಅದರ ಮೇಲೆ ಅಡ್ಡಕ್ಕೆ. ಮತ್ತೆ ಉದ್ದಕ್ಕೆ, ಅದೇ ತೂತುಗಳಲ್ಲಿ. ನಾಲ್ಕನೆಯ ಸುತ್ತಿನಿಂದ ನಿಜವಾದ ನೇಯ್ಗೆ ಶುರು: ಅಡ್ಡ ಎಳೆ ಉದ್ದದ ಜೋಡಿಯಲ್ಲಿ ಒಂದರ ಮೇಲೆ, ಒಂದರ ಕೆಳಗೆ ನುಸುಳಬೇಕು. ಆಮೇಲೆ ಎರಡು ಓರೆ ಸುತ್ತು. ಒಂದು ಓರೆ ಉದ್ದದ ಜೋಡಿಯ ಮೇಲೆ ಹಾಯ್ದು ಅಡ್ಡದ ಜೋಡಿಯ ಕೆಳಗೆ ಹೋದರೆ, ಇನ್ನೊಂದು ಅದಕ್ಕೆ ತದ್ವಿರುದ್ಧ. ಎಲ್ಲ ಸರಿಬಂದರೆ ಎಂಟು ಮೂಲೆಯ ಕಣ್ಣುಗಳು ತಾವಾಗಿ ತೆರೆದುಕೊಳ್ಳುತ್ತವೆ. ಕೊನೆಗೆ ಅಂಚಿನ ತೂತುಗಳನ್ನು ಮುಚ್ಚುವ ಅಗಲದ ಪಟ್ಟಿ. ಒದ್ದೆ ಬೆತ್ತ ಒಣಗುತ್ತ ಬಿಗಿಯುತ್ತದೆ, ಆದ್ದರಿಂದ ಹೆಣೆಯುವಾಗ ಎಷ್ಟು ಸಡಿಲ ಬಿಡಬೇಕೆಂಬುದು ಬೆರಳಿಗೆ ಗೊತ್ತಿರಬೇಕು. ಕಣ್ಣಿಗಿಂತ ಬೆರಳೇ ಇಲ್ಲಿ ದೊಡ್ಡದು.

ಇದನ್ನು ಬಲ್ಲವರು ದೃಷ್ಟಿಯಿಲ್ಲದವರಿಗೆ ಈ ಕಸುಬು ಕಲಿಸಿದರು. ಅಮೆರಿಕದ ಪರ್ಕಿನ್ಸ್ ಅಂಧರ ಶಾಲೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಕುರ್ಚಿಗೆ ಬೆತ್ತ ಹೆಣೆಯುವುದು ಪಾಠವಾಗಿತ್ತು. ನಮ್ಮ ದೇಶದ ಅಂಧರ ಶಾಲೆಗಳಲ್ಲೂ ಅದು ಮುಖ್ಯ ಕಸುಬಾಯಿತು. ರೈಲ್ವೆಯಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಬೆತ್ತ ಹೆಣೆಯುವ ಹುದ್ದೆಗಳಿಗೆ ಅಂಧರನ್ನು ನೇಮಿಸುವ ರೂಢಿ ಬೆಳೆಯಿತು. ಕಚೇರಿಯ ಸಾಲು ಸಾಲು ಮರದ ಕುರ್ಚಿಗಳು ವರ್ಷ ವರ್ಷ ರಿಪೇರಿಗೆ ಬರುತ್ತಿದ್ದವು, ಆ ರಿಪೇರಿಯಿಂದ ಅವರ ಮನೆಯ ಒಲೆ ಉರಿಯುತ್ತಿತ್ತು. ನಾವು ಅರ್ಜಿ ಹಿಡಿದು ಕಾದು ಕೂತ ಎಷ್ಟೋ ಕುರ್ಚಿಗಳು ಅವರ ಕೈಯಲ್ಲಿ ಆದವು. ಮೊದಲು ಪ್ಲಾಸ್ಟಿಕ್ ವೈರು ಬಂತು. ಅದನ್ನೂ ಅವರೇ ಹೆಣೆದರು. ಆಮೇಲೆ ಫೋಮು, ಗಾಲಿಯ ಮೇಲೆ ತಿರುಗುವ ಕುರ್ಚಿಗಳು ಬಂದವು. ಅವು ಕೆಟ್ಟರೆ ಎಸೆಯುವುದೇ ಕ್ರಮ. ಎಸೆಯುವ ಕುರ್ಚಿಗೆ ಹೆಣೆಯುವವರು ಬೇಡ. ಕುರ್ಚಿಯ ಇತಿಹಾಸದಲ್ಲಿ ನನ್ನನ್ನು ಹೆಚ್ಚು ನೋಯಿಸುವ ಪುಟ ಇದು.

ಇದೇ ಕಾಲದಲ್ಲಿ ಚಂಡೀಗಢದ ಕುರ್ಚಿಗಳ ಕತೆ ನಡೆಯಿತು. ಹೊಸ ರಾಜಧಾನಿಯ ಕಚೇರಿ, ಕಾಲೇಜುಗಳಿಗೆಂದು 1950ರ ದಶಕದಲ್ಲಿ ವಾಸ್ತುಶಿಲ್ಪಿ ಪಿಯೆರ್ ಜೆನೆರೆ ಮತ್ತು ಯೂಲಿ ಚೌಧರಿಯಂಥ ಭಾರತೀಯ ಸಂಗಾತಿಗಳು ತೇಗ, ಬೆತ್ತಗಳ ಸರಳ ಕುರ್ಚಿಗಳನ್ನು ರೂಪಿಸಿದರು. ಸ್ಥಳೀಯ ಬಡಗಿಗಳು ಮಾಡಿಕೊಟ್ಟರು. ಬೆತ್ತ ಹರಿದಾಗ ಅವು ಮಾಳಿಗೆಯ ಮೇಲೆ ರಾಶಿಬಿದ್ದು ಹರಾಜಿನಲ್ಲಿ ಪುಡಿಗಾಸಿಗೆ ಹೋದವು. ಕೊಂಡ ವಿದೇಶಿ ವ್ಯಾಪಾರಿಗಳು ರಿಪೇರಿ ಮಾಡಿಸಿ, ಹೊಸದಾಗಿ ಹೆಣೆಸಿ, ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಲಕ್ಷಗಟ್ಟಲೆಗೆ ಮಾರಿದರು. ಏಮಿ ಸೀಗಲ್ ಎಂಬ ಕಲಾವಿದೆ 2013ರ ‘ಪ್ರಾವೆನನ್ಸ್’ ಚಿತ್ರದಲ್ಲಿ ಆ ದಾರಿಯನ್ನು ಹಿಮ್ಮುಖವಾಗಿ ತೋರಿಸುತ್ತಾರೆ: ಸಿರಿವಂತರ ಮನೆಗಳಿಂದ ಹೊರಟು, ಹರಾಜುಕಟ್ಟೆ ಹಾದು, ಚಂಡೀಗಢಕ್ಕೆ. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇವುಗಳ ಮಾರಾಟ, ರಫ್ತು ತಡೆಯಲು ಆದೇಶ ಹೊರಡಿಸಿತು. ಆದರೆ ನಮ್ಮ 1972ರ ಪ್ರಾಚ್ಯವಸ್ತು ಕಾಯಿದೆಯ ರಕ್ಷಣೆ ಸಾಮಾನ್ಯವಾಗಿ ನೂರು ವರ್ಷ ತುಂಬಿದ ವಸ್ತುಗಳಿಗೆ. ಈ ಕುರ್ಚಿಗಳಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ. ಹರಾಜಿನ ಪಟ್ಟಿಗಳಲ್ಲಿ ಜೆನೆರೆಯ ಹೆಸರು ದೊಡ್ಡಕ್ಷರದಲ್ಲಿರುತ್ತದೆ. ಆ ಹೆಸರಿಗೆ ಅದು ಸಲ್ಲಬೇಕಾದ್ದೇ. ಹೆಣೆದವರ ಹೆಸರು ಇರುವುದಿಲ್ಲ.

ನಿಮ್ಮ ಮನೆಯಲ್ಲೊಂದು ಹಳೆಯ ಬೆತ್ತದ ಕುರ್ಚಿಯಿದ್ದರೆ ಪ್ಲೈವುಡ್ ಹೊಡೆಸಬೇಡಿ. ಎಳೆ ಕಡಿಯದೆ ಬರಿದೇ ಜೋತಿದ್ದರೆ ಮಗುಚಿ ಹಾಕಿ, ತಳಭಾಗವನ್ನು ಬಿಸಿನೀರಿನ ಬಟ್ಟೆಯಿಂದ ಚೆನ್ನಾಗಿ ತೋಯಿಸಿ, ನೆರಳಲ್ಲಿ ಒಣಗಿಸಿ. ಎಷ್ಟೋ ಸಲ ಅದು ತಾನಾಗಿ ಬಿಗಿದುಕೊಳ್ಳುತ್ತದೆ. ಕಡಿದಿದ್ದರೆ ಸಮೀಪದ ಅಂಧರ ಸಂಸ್ಥೆಯಲ್ಲಿ ವಿಚಾರಿಸಿ, ಹಳೆಯ ಕಸುಬುದಾರರು ಇನ್ನೂ ಸಿಗಬಹುದು. ಯಂತ್ರ ಹೆಣೆದ ಹಾಳೆಯನ್ನು ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಒತ್ತಿ ಕೂರಿಸುವುದು ಅಗ್ಗ, ಆದರೆ ಅಂಚಿಗೆ ತೂತುಗಳಿರುವ ಚೌಕಟ್ಟು ಕೈಹೆಣಿಗೆಗೆಂದೇ ಹುಟ್ಟಿದ್ದು. ಕೂಲಿ ಹೆಚ್ಚೆನಿಸಿದರೂ ಚೌಕಾಸಿ ಮಾಡಬೇಡಿ. ದಿನಗಟ್ಟಲೆ ಬಗ್ಗಿ ಮಾಡುವ ಕೆಲಸ ಅದು. ಹದಿನೆಂಟನೆಯ ಶತಮಾನದ ನಡುವಿನಿಂದ ಪ್ಯಾರಿಸ್ಸಿನ ಸಂಘದ ಬಡಗಿಗಳು ತಾವು ಮಾಡಿದ ಕುರ್ಚಿಗೆ ಹೆಸರಿನ ಮುದ್ರೆ ಒತ್ತಲೇಬೇಕೆಂಬ ನಿಯಮವಿತ್ತು. ಈಗಲೂ ಹಳೆಯ ಫ್ರೆಂಚ್ ಕುರ್ಚಿ ಕೊಳ್ಳುವವರು ಅದನ್ನು ತಲೆಕೆಳಗು ಮಾಡಿ ಆ ಮುದ್ರೆ ಹುಡುಕುತ್ತಾರೆ. ಹೆಣಿಗೆ ಮುಗಿದ ದಿನ ನೀವೂ ಹೆಣೆದವರ ಹೆಸರು ಕೇಳಿ, ಅವರು ಒಪ್ಪಿದರೆ ಆಸನದ ಅಡಿಯ ಪಟ್ಟಿಯ ಮೇಲೆ ಆ ಹೆಸರನ್ನೂ ಇಸವಿಯನ್ನೂ ಬರೆದಿಡಿ.