ಪೀಪಾಯಿಯ ಮೇಲಿನ ಗುರುತು

ಐರ್ಲೆಂಡಿನ ಕಾರ್ಕ್ ನಗರದ ಪಶ್ಚಿಮಕ್ಕೆ, ಲೀ ನದಿಯ ದಂಡೆಯಲ್ಲಿ ಬ್ಯಾಲಿನ್‌ಕೊಲಿಗ್ ಇದೆ. ಅಲ್ಲಿ ಈಗ ಜನ ಗಾಳಿ ಸೇವನೆಗೆ ಬರುವ ಉದ್ಯಾನದ ಕಾಲುವೆಗಳೂ ಪಾಳುಗೋಡೆಗಳೂ ಒಂದು ಕಾಲಕ್ಕೆ ಕೋವಿಮದ್ದಿನ ಕಾರ್ಖಾನೆಯವು. 1794ರಲ್ಲಿ ಚಾರ್ಲ್ಸ್ ಹೆನ್ರಿ ಲೆಸ್ಲಿ ಶುರುಮಾಡಿದ ಅದನ್ನು 1805ರಲ್ಲಿ ಬ್ರಿಟಿಷ್ ಸರ್ಕಾರದ ಶಸ್ತ್ರಾಸ್ತ್ರ ಮಂಡಳಿ ಕೊಂಡುಕೊಂಡಿತು. ನೆಪೋಲಿಯನ್ ಸೋತ ಮೇಲೆ ಬೀಗ ಬಿತ್ತು. ಆಮೇಲೆ ಲಿವರ್‌ಪೂಲಿನ ವ್ಯಾಪಾರಿಗಳು ಮತ್ತೆ ತೆರೆದು 1903ರವರೆಗೆ ನಡೆಸಿದರು. ಕಿಡಿಯ ಭಯಕ್ಕೆ ಮದ್ದಿನ ಪೀಪಾಯಿಗೆ ಕಬ್ಬಿಣದ ಪಟ್ಟಿ ಹಾಕುತ್ತಿರಲಿಲ್ಲ. ತಾಮ್ರದ್ದೋ ಮರದ್ದೋ ಪಟ್ಟಿ ಬಿಗಿಯುತ್ತಿದ್ದರು. ಆ ಕಾಲದ ಬ್ರಿಟಿಷ್ ಸೇನೆಯ ಪೀಪಾಯಿಯ ಮುಚ್ಚಳದಲ್ಲಿ ಎಲ್.ಜಿ. ಎಂದಿದ್ದರೆ ಒರಟು ಕಾಳಿನ ಮದ್ದು, ಎಫ್.ಜಿ. ಎಂದಿದ್ದರೆ ಸಣ್ಣ ಕಾಳಿನದು. ಅಕ್ಷರ ಕೆಂಪಗಿದ್ದರೆ ಅದರ ಇದ್ದಿಲನ್ನು ಕಬ್ಬಿಣದ ಸಿಲಿಂಡರಿನಲ್ಲಿ ಸುಟ್ಟದ್ದೆಂದು ಅರ್ಥ. ಸೇನೆಯ ಸರಕಿಗೆಲ್ಲ ಮೂರು ಗೀರಿನ ಬಾಣದ ಮುದ್ರೆ ಬೇರೆ ಬೀಳುತ್ತಿತ್ತು: ಇದು ರಾಜನ ಸ್ವತ್ತು. ಆದರೆ ಕೊಲ್ಲುವ ಮದ್ದು ಹೊಗೆಯಾಗಿ ಹೋಗುತ್ತದೆ, ಗುರುತು ಪೀಪಾಯಿಯಲ್ಲೇ ಉಳಿಯುತ್ತದೆ. ವಸ್ತು ಯಾರದೆಂದು ಹೇಳುವ ಈ ಗುರುತು, ಕೃತ್ಯ ಯಾರದೆಂದೂ ಹೇಳೀತೆ? ತಾನಾಗಿ ಅದು ಹೇಳುವುದಿಲ್ಲ, ಎಷ್ಟೋ ಸಲ ಮುಚ್ಚಿಡುತ್ತದೆ. ಅದಕ್ಕೇ ಇಂಥ ಗುರುತುಗಳನ್ನು ಬಿಡಿಸಿ ಓದುವುದು ಹವ್ಯಾಸಿಗಳ ಕುತೂಹಲಕ್ಕಿಂತ ದೊಡ್ಡ ಕೆಲಸವೆಂದು ನಾನು ನಂಬುತ್ತೇನೆ.

ಜಪಾನಿನ ನೌಕಾಪಡೆಯನ್ನೇ ನೋಡೋಣ. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ಎರಗಿದ ವಿಮಾನಗಳ ಬಾಲದ ಮೇಲೆ ಅವು ಯಾವ ಹಡಗಿನವೆಂದು ಬರೆದೇ ಇತ್ತು: ಎ ಅಕ್ಷರದ ಜೊತೆ ರೋಮನ್ ಒಂದಿದ್ದರೆ ಅಕಾಗಿ, ಎರಡಿದ್ದರೆ ಕಾಗಾ. ನಾವಿಕನ ಟೋಪಿಯ ಪಟ್ಟಿಯಲ್ಲೂ ಅವನ ಹಡಗಿನ ಹೆಸರಿರುತ್ತಿತ್ತು. ಯುದ್ಧ ಬಿಗಿಯಾದಂತೆ ಗುಟ್ಟು ಕಾಯುವ ಸಲುವಾಗಿ ಹೆಸರುಗಳು ಅಳಿಯತೊಡಗಿದವು. ಟೋಪಿಯ ಮೇಲೆ ಎಲ್ಲರಿಗೂ ‘ಮಹಾ ಜಪಾನ್ ಸಾಮ್ರಾಜ್ಯದ ನೌಕಾಪಡೆ’ ಎಂಬ ಒಂದೇ ಒಕ್ಕಣೆ ಬಂತು. ತೈನಾನ್ ಎಂಬ ಊರಿನ ಹೆಸರು ಹೊತ್ತಿದ್ದ ವಿಮಾನದಳ 1942ರ ನವೆಂಬರ್ 1ರಿಂದ ಬರೀ 251 ಆಯಿತು. ಶತ್ರುವಿನ ಕಣ್ಣು ತಪ್ಪಿಸಲು ಮಾಡಿದ್ದೇನೋ ಸರಿ, ಆದರೆ ನಾಳೆ ‘ಇದನ್ನು ಮಾಡಿದವರು ಯಾರು’ ಎಂದು ಕೇಳುವವರ ಕಣ್ಣನ್ನೂ ಅದು ತಪ್ಪಿಸಿತು. ಆದರೆ ಇದಕ್ಕಾಗಿ ಜಪಾನ್ ಒಂದನ್ನೇ ದೂರುವುದು ಅನ್ಯಾಯ. ಸಂಖ್ಯೆಯ ಮರೆಯಲ್ಲಿ ನಿಲ್ಲದ ಸೈನ್ಯ ಯಾವುದಿದೆ?

ಕೈಯೊಂದು ಉಪಕರಣ, ಮಾಡಿಸಿದವನು ಅರಸ. ಪೀಪಾಯಿ ಕಟ್ಟಿದ ಬಡಗಿಗೂ ತೋಪು ಹಾರಿಸಿದ ನಾವಿಕನಿಗೂ ಯಾವ ಪಾಪ ಎಂದು ಆಕ್ಷೇಪಿಸಬಹುದು. ನಿಮಿತ್ತ ಮಾತ್ರ ಎಂಬ ಮಾತು ನಮ್ಮ ನಾಲಗೆಯ ಮೇಲೂ ಸಲೀಸಾಗಿ ಬರುತ್ತದೆ. ಕನ್ನಡ ನೆಲದಲ್ಲಿ ಬಹುಕಾಲ ಬಾಳಿದ ಜೈನ ಚಿಂತನೆ ಇದನ್ನು ಇಷ್ಟು ಸುಲಭವಾಗಿ ಬಿಡಲಿಲ್ಲ. ತತ್ತ್ವಾರ್ಥಸೂತ್ರ ಹಿಂಸೆಯನ್ನು ಕೃತ, ಕಾರಿತ, ಅನುಮತ ಎಂದು ಎಣಿಸುತ್ತದೆ: ಮಾಡಿದ್ದು, ಮಾಡಿಸಿದ್ದು, ಆಗಲೆಂದು ಒಪ್ಪಿದ್ದು. ಮಾಡಿಸಿದವನಿಗೆ ಹೊಣೆ ದಾಟಿತೆಂದು ಮಾಡಿದವನ ಹೊಣೆ ಇಲ್ಲಿ ತೀರುವುದಿಲ್ಲ. ಅದರ ಜೊತೆಗೆ ಮನಸ್ಸು, ಮಾತು, ಮೈಗಳ ಲೆಕ್ಕ. ಕ್ರೋಧವೋ ಲೋಭವೋ ಎಂಬ ಲೆಕ್ಕ. ಹಾಗಾದರೆ ಎಲ್ಲರೂ ಸಮಾನ ಅಪರಾಧಿಗಳೇ? ಅಲ್ಲ. ಆ ವ್ಯತ್ಯಾಸ ತಿಳಿಯಲೂ ಗುರುತನ್ನೇ ಓದಬೇಕು. ಜಪಾನಿ ನಾವಿಕನ ಸಂಖ್ಯೆಯ ಮುಂದಿನ ಮೊದಲ ಅಕ್ಷರ ಅವನು ಯೊಕೊಸುಕಾ, ಕುರೆ, ಸಾಸೆಬೊ, ಮೈಜುರುಗಳಲ್ಲಿ ಯಾವ ನೌಕಾನೆಲೆಗೆ ಸೇರಿದವನೆಂದು ಹೇಳುತ್ತದೆ. ಎರಡನೆಯದು ‘ಶಿ’ ಆಗಿದ್ದರೆ ತಾನಾಗಿ ಬಂದು ಸೇರಿದವನು, ‘ಚೋ’ ಆಗಿದ್ದರೆ ಕಡ್ಡಾಯವಾಗಿ ಕರೆತಂದವನು. ಬಟ್ಟೆಯ ಒಳಗಿನ ಚೀಟಿಯಲ್ಲಿ ಮಸಿ ಹರಡಿ ನಿಂತ ಒಂದೇ ಅಕ್ಷರ, ಅನುಮತಕ್ಕೂ ಬಲವಂತಕ್ಕೂ ನಡುವಿನ ಗೆರೆ ಎಳೆಯುತ್ತದೆ. ಅದನ್ನು ಓದದೆ ‘ಎಲ್ಲ ಜಪಾನಿಗಳೂ’ ಎಂದು ತೀರ್ಪು ಕೊಡುವವನು ಬಲವಂತವಾಗಿ ಕರೆತಂದ ಹುಡುಗನಿಗೆ ಎರಡನೆಯ ಸಲ ಅನ್ಯಾಯ ಮಾಡುತ್ತಾನೆ.

ಹಳೆಯ ಗಾಯ ಕೆದಕಬೇಡಿ, ಹೆಸರು ಅಳಿದರೆ ದ್ವೇಷವೂ ಅಳಿಯುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದರ ಹಿಂದಿನ ಕರುಣೆಯನ್ನು ನಾನು ಗೌರವಿಸುತ್ತೇನೆ. ಆದರೆ ಹೆಸರನ್ನು ಬಿಟ್ಟುಕೊಡುವುದರಲ್ಲೂ ಎರಡು ಬಗೆಯಿದೆ. ವಚನಕಾರರು ವಚನದ ಕೊನೆಗೆ ಇಟ್ಟದ್ದು ತಮ್ಮ ಹೆಸರನ್ನಲ್ಲ, ದೇವರ ಹೆಸರನ್ನು. ಆದರೂ ಕೂಡಲಸಂಗಮದೇವ ಎಂದೊಡನೆ ಬಸವಣ್ಣ, ಗುಹೇಶ್ವರ ಎಂದೊಡನೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕ ಎದುರು ನಿಲ್ಲುತ್ತಾರೆ. ಅಂಕಿತ ಅಹಂಕಾರವನ್ನು ಬಿಟ್ಟುಕೊಟ್ಟಿತು, ಆಡಿದ ಮಾತಿನ ಹೊಣೆಯನ್ನು ಬಿಟ್ಟುಕೊಡಲಿಲ್ಲ. ದೇವರ ಸಾಕ್ಷಿಯಲ್ಲಿ ಆಡಿದ್ದೆಂದು ಆ ಹೊಣೆ ಇನ್ನೂ ಬಿಗಿಯಾಯಿತು. ಸೇನೆಯ ಮುದ್ರೆ ಇದಕ್ಕೆ ತೀರ ತಿರುಗುಮುರುಗು: ಸಾಮ್ರಾಜ್ಯದ ಅಹಂಕಾರವೆಲ್ಲ ಅದರಲ್ಲಿದೆ, ಉತ್ತರ ಹೇಳುವವನು ಮಾತ್ರ ಇಲ್ಲ. ಹೆಸರೇ ಗೊತ್ತಿಲ್ಲದವನನ್ನು ಕ್ಷಮಿಸುವುದು ಹೇಗೆ?

ಓದಬಲ್ಲ ಗುರುತಿಗೂ ಮಿತಿಯಿದೆ, ಅದನ್ನು ಬ್ಯಾಲಿನ್‌ಕೊಲಿಗ್‌ನ ಪೀಪಾಯಿಯೇ ತೋರಿಸುತ್ತದೆ. ಬ್ರಿಟಿಷರ ಕೋವಿಮದ್ದಿನ ನೂರು ಪಾಲಿನಲ್ಲಿ ಎಪ್ಪತ್ತೈದು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಆ ಪೆಟ್ಲುಪ್ಪು ಭಾರತದಿಂದ, ಬಹುಪಾಲು ಬಿಹಾರದಿಂದ, ಹಡಗೇರಿ ಹೋಗುತ್ತಿತ್ತು. ಹಳ್ಳಿಯ ಮಣ್ಣುಗೋಡೆಯ ಬುಡದಲ್ಲಿ ಬಿಳಿಯಾಗಿ ಒಡೆದ ಉಪ್ಪುಮಣ್ಣನ್ನು ಕೆರೆದು, ನೀರಲ್ಲಿ ಬಸಿದು, ಕುದಿಸಿ ಅದನ್ನು ತೆಗೆಯುತ್ತಿದ್ದವರು ನೋನಿಯಾ ಜನ. ಅವರು ಅನುಮತ ಕೊಟ್ಟರೆಂದು ಯಾವ ಬಾಯಿಂದ ಹೇಳುವುದು? ಆ ಉಪ್ಪು ಯಾವ ಕಡಲಿನಲ್ಲಿ ಯಾರ ಮೇಲೆ ಸಿಡಿಯಿತೆಂದು ಅವರಿಗೆ ಯಾರೂ ಹೇಳಲಿಲ್ಲ. ಮುಚ್ಚಳದ ಮೇಲೆ ಕಾಳಿನ ಗಾತ್ರಕ್ಕೆ ಅಕ್ಷರವಿದೆ, ಇದ್ದಿಲು ಸುಟ್ಟ ರೀತಿಗೆ ಬಣ್ಣವಿದೆ, ರಾಜನಿಗೆ ಬಾಣವಿದೆ. ಆ ಮಣ್ಣು ಕೆರೆದ ಕೈಗೆ ಒಂದು ಗೀರೂ ಇಲ್ಲ.