ತಾತನ ಬಂದೂಕು ಮತ್ತು 'ಉದ್ದೇಶ' ಎಂಬ ಕಾಲಂ

ತಾತ ತೀರಿಕೊಂಡ ಮೇಲೆ ಅವರ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾಯಿತು. ಪರವಾನಗಿ ಹೊಂದಿದವರು ಸತ್ತರೆ ಆಯುಧವನ್ನು ಸುಮ್ಮನೆ ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಬೇಕು, ಇಲ್ಲವೇ ಮಾರಬೇಕು, ಅದೂ ಬೇಡವೆಂದರೆ ಸರ್ಕಾರಕ್ಕೆ ಬಿಟ್ಟುಕೊಡಬೇಕು. ಸಿರುಗುಪ್ಪದ ಕಡೆಯ ನಮ್ಮೂರಿನಿಂದ ಅಪ್ಪ ಫೋನು ಮಾಡಿ, "ನಿನ್ ಹೆಸರಿಗೆ ಮಾಡಿಸ್ಕೊ, ಮನಿತನದ ವಸ್ತು ಅದು" ಎಂದರು. ಬಳ್ಳಾರಿಯ ಬಾಡಿಗೆ ಕೋಣೆಯಲ್ಲಿ ಕೂತು ಅರ್ಜಿ ತುಂಬತೊಡಗಿದೆ. ಹೆಸರು, ವಿಳಾಸ, ಉದ್ಯೋಗ ಎಲ್ಲ ಆಯಿತು. ಪರವಾನಗಿ ಯಾವ ಉದ್ದೇಶಕ್ಕೆ ಎಂದು ಕೇಳಿದಲ್ಲಿ ಪೆನ್ನು ನಿಂತಿತು. ಎರಡು ತಿಂಗಳಾಯಿತು, ಇನ್ನೂ ಅಲ್ಲೇ ನಿಂತಿದೆ.

ಅದು 12 ಬೋರಿನ ಜೋಡಿ ನಳಿಗೆ ಬಂದೂಕು. ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡುಗಳನ್ನು ಮಾಡಿದರೆ ಒಂದೊಂದು ಗುಂಡು ಎಷ್ಟು ದಪ್ಪ ಬರುತ್ತದೋ ಅಷ್ಟು ಅಗಲದ ನಳಿಗೆ ಎಂಬುದು ಆ ಲೆಕ್ಕದ ಅರ್ಥ. ಊರಿನ ಉಳಿದವರ ಹತ್ತಿರ ಒಂಟಿ ನಳಿಗೆಯದಿತ್ತು. ತಾತ ಜೋಡಿಯದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಬಾತುಗಳು. ಮುಂದಿನ ಕುದುರೆ ಎಳೆದರೆ ಬಲ ನಳಿಗೆ, ಹಿಂದಿನದನ್ನು ಎಳೆದರೆ ಎಡ ನಳಿಗೆ. ಬಲದ್ದರ ಬಾಯಿ ಸಡಿಲ. ಹತ್ತಿರದಲ್ಲಿ ಎದ್ದ ಹಕ್ಕಿಗೆ ಚರೆ ಅಗಲವಾಗಿ ಹರಡುತ್ತದೆ. ಎಡದ್ದರ ಬಾಯಿ ತುಸು ಬಿಗಿ. ದೂರ ಹೋದ ಹಕ್ಕಿಗೆ ಚರೆ ಚದುರದೆ ತಲುಪುತ್ತದೆ. ಮರದ ಹಿಡಿ ತಮ್ಮ ತೋಳಿಗೆ ಉದ್ದವಾಯಿತೆಂದು ಕುರುಗೋಡಿನ ಬಡಗಿಯೊಬ್ಬರಿಂದ ಅದನ್ನು ಒಂದು ಬೆರಳಿನಷ್ಟು ಕೊಯ್ಸಿದ್ದರಂತೆ. "ಹೆಗಲಿಗೆ ಕುಂತ ಮ್ಯಾಲೇ ಅದು ನನ್ದಾತು" ಎನ್ನುತ್ತಿದ್ದರು.

ಇಷ್ಟೆಲ್ಲ ನಾಜೂಕು ಯಾಕೆ ಎಂದು ಚಿಕ್ಕವನಿದ್ದಾಗ ಕೇಳಿದ್ದೆ. "ಏಟು ಬಿದ್ರ ಅಲ್ಲೇ ಸಾಯ್ಬೇಕು. ಗಾಯ ಆಗಿ ಜೊಂಡಿನಾಗ ಹೋಗಿ ನರಳಬಾರ್ದು" ಎಂದಿದ್ದರು. 40 ಗಜದಾಚೆಯ ಹಕ್ಕಿಗೆ ಅವರು ಕುದುರೆ ಎಳೆಯುತ್ತಿರಲಿಲ್ಲ. ಅಷ್ಟು ದೂರಕ್ಕೆ ಚರೆ ಚದುರುತ್ತದೆ, ಕೊಲ್ಲುವ ಬದಲು ಕುಂಟಾಗಿಸುತ್ತದೆ. ಅಂದರೆ, ಒಳ್ಳೆಯ ಬಂದೂಕು ಯಾವುದೆಂಬ ಅವರ ಪ್ರಶ್ನೆಯೊಳಗೆ ಹಕ್ಕಿಯ ನೋವಿನ ವಿಚಾರ ಮೊದಲೇ ಸೇರಿತ್ತು.

ತನ್ನ ಕೆಲಸವನ್ನು ಚೆನ್ನಾಗಿ ಮಾಡುವ ವಸ್ತುವೇ ಒಳ್ಳೆಯ ವಸ್ತು ಎಂಬ ವಾದ ಅರಿಸ್ಟಾಟಲನಷ್ಟು ಹಳೆಯದು. ಚೆನ್ನಾಗಿ ಕೊಯ್ಯುವ ಚಾಕು ಒಳ್ಳೆಯ ಚಾಕು. ಆದರೆ ಆ ಕೆಲಸವೇ ಬೇಡವೆಂದಾದರೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಸಣ್ಣ ಬೇಟೆಯ ಪರವಾನಗಿ ಪಡೆದು ಬಾತು ಹೊಡೆಯಲು ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಅಮೆರಿಕದಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆ ದೇಶಾದ್ಯಂತ ನಿಷೇಧವಾದದ್ದೂ ಅದೇ 1991ರಲ್ಲಿ. ಕೆರೆಯ ತಳದಲ್ಲಿ ಉಳಿದ ಚರೆಯನ್ನು ಕಾಳೆಂದು ನುಂಗಿ, ಗುಂಡೇ ತಾಗದ ಬಾತುಗಳೂ ವಿಷವೇರಿ ಸಾಯುತ್ತಿದ್ದವು. ಅವರು ಬೇಟೆ ಉಳಿಸಿಕೊಂಡು ಚರೆ ಬದಲಿಸಿದರು, ನಾವು ಬೇಟೆಯನ್ನೇ ಬಿಟ್ಟೆವು. ತಾತನೂ ಬಿಟ್ಟರು. ಆದರೆ ವರ್ಷಕ್ಕೊಮ್ಮೆ ಬಂದೂಕು ಮಡಚಿ, ನಳಿಗೆಗೆ ಎಣ್ಣೆ ಹಚ್ಚಿ, ಬೆಳಕಿಗೆ ಹಿಡಿದು ಒಳಗೆ ನೋಡುವುದನ್ನು ಬಿಡಲಿಲ್ಲ. ನಾನೂ ಇಣುಕಿದ್ದೇನೆ. ಒಳಗಿನ ಆ ಹೊಳಪು ಚೆಂದವಾಗಿತ್ತು, ಸುಳ್ಳು ಹೇಳಲಾರೆ. ಅರ್ಜಿಯ ಕಾಲಮ್ಮಿನಲ್ಲಿ 'ಪ್ರೀತಿಗಾಗಿ' ಎಂದು ಬರೆಯಲು ಜಾಗವಿಲ್ಲ ಅಷ್ಟೆ.

ನನ್ನ ಸಂಶೋಧನೆ ಕನ್ನಡದ ಶಿಕಾರಿ ಬರಹಗಳ ಬಗ್ಗೆ. ಅಲ್ಲಿ ಮತ್ತೆ ಮತ್ತೆ ಎದುರಾಗುವ ಸಮರ್ಥನೆಯೊಂದಿದೆ: ಬೇಟೆಗಾರನಷ್ಟು ಕಾಡನ್ನು ಬಲ್ಲವರಿಲ್ಲ. ಇದರಲ್ಲಿ ಸತ್ಯವಿಲ್ಲದಿಲ್ಲ. ಸಲೀಂ ಅಲಿ ಬಾಲ್ಯದಲ್ಲಿ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯೊಂದರ ಕತ್ತು ಹಳದಿಯಾಗಿತ್ತು. ಅದೇನೆಂದು ತಿಳಿಯಲು ಹೊರಟವರು ಹಕ್ಕಿಗಳಿಗೇ ಬದುಕು ಕೊಟ್ಟರು. ತೇಜಸ್ವಿಯವರೂ ಕೋವಿ ಹಿಡಿದು ಕಾಡು ಸುತ್ತಿದವರೇ, ಮುಂದೆ ಹಕ್ಕಿಗಳ ಮುಂದೆ ಕ್ಯಾಮೆರಾ ಇಟ್ಟುಕೊಂಡು ತಾಳ್ಮೆಯಿಂದ ಕೂತರು. ಸೂಜಿಬಾಲದ ಬಾತು ಯಾವ ತಿಂಗಳು ಬರುತ್ತದೆ, ಗಾಳಿಗೆ ಯಾವ ದಿಕ್ಕಿನಿಂದ ಇಳಿಯುತ್ತದೆ ಎಂದು ನನಗೆ ಕಲಿಸಿದ್ದು ಪುಸ್ತಕವಲ್ಲ, ತಾತ.

ಆದರೆ ಈ ವಾದ ಬೇಟೆಗಾರನಿಗೆ ಎಷ್ಟು ಅನುಕೂಲಕರ ಎಂಬುದನ್ನೂ ನೋಡಬೇಕು. ತನ್ನನ್ನು ಕೊಂದವನು ತನ್ನ ಬಗ್ಗೆ ಬಹಳ ತಿಳಿದಿದ್ದ ಎಂಬುದರಿಂದ ಬಾತಿಗೆ ಏನೂ ಸಿಗುವುದಿಲ್ಲ. ಮರಣ ಶುಚಿಯಾಗಿತ್ತು ಎಂಬ ಸಮಾಧಾನವೂ ಉಳಿದವನದೇ. ತಾತನ ದಯೆ ನಿಜವಾದದ್ದು, ಆದರೆ ಅದು ಶುರುವಾಗುತ್ತಿದ್ದದ್ದು ಕೊಲ್ಲುವ ನಿರ್ಧಾರವಾದ ನಂತರ. ಮೊದಲ ಪ್ರಶ್ನೆಯನ್ನು ಹಾರಿ ಎರಡನೆಯದಕ್ಕೆ ಬಹಳ ಪ್ರಾಮಾಣಿಕವಾಗಿ ಉತ್ತರಿಸುವುದು ಸಜ್ಜನರಿಗೂ ಸಾಧ್ಯ ಎಂಬುದನ್ನು ನಾನು ಅವರನ್ನು ಪ್ರೀತಿಸಿಯೇ ಕಲಿಯಬೇಕಾಯಿತು.

ಹಾಗಾದರೆ ಬಂದೂಕು ಮುಟ್ಟದ ನಾನು ಚೊಕ್ಕವೇ? ಇಲ್ಲಿ ನನಗೆ ಇನ್ನೊಂದು ಹಕ್ಕಿ ನೆನಪಾಗುತ್ತದೆ. ಸಿರುಗುಪ್ಪ ತಾಲ್ಲೂಕಿನ ಎರೆ ಹೊಲಗಳಲ್ಲಿ ಇನ್ನೂ ಕೆಲವೇ ಕೆಲವು ಎರೆಭೂತಗಳಿವೆ. ಒಂದು ಕಾಲಕ್ಕೆ ಬಂದೂಕು ಅವನ್ನು ತಿಂದಿತು. ಇಂದು ಅವಕ್ಕೆ ಯಾರೂ ಗುರಿ ಇಡಬೇಕಾಗಿಲ್ಲ. ಹುಲ್ಲುಗಾವಲು ಹೊಲವಾಗುತ್ತದೆ, ಹೊಲ ನೀರಾವರಿಯಾಗುತ್ತದೆ, ವಿದ್ಯುತ್ ತಂತಿ ಎಳೆಯಲಾಗುತ್ತದೆ. ಭಾರದ ಆ ಹಕ್ಕಿ ಎದುರಿನ ತಂತಿಯನ್ನು ಹೊತ್ತಿಗೆ ಸರಿಯಾಗಿ ಕಾಣದೆ ಬಡಿದುಕೊಳ್ಳುತ್ತದೆ. ತುಂಗಭದ್ರಾ ಕಾಲುವೆ ನಮ್ಮ ಜೋಳ, ಹತ್ತಿಯ ನೆಲವನ್ನು ಭತ್ತದ ಗದ್ದೆ ಮಾಡಿತು. ಅದೇ ನೀರು ಬಾತುಗಳನ್ನು ಕರೆಯಿತು, ಅದೇ ಭತ್ತ ನನ್ನ ಓದಿನ ಫೀಸು ಕಟ್ಟಿತು. ನನ್ನ ಕೋಣೆಯ ದೀಪವೂ ತಂತಿಯಿಂದಲೇ ಉರಿಯುತ್ತದೆ. ಇಲ್ಲಿ ಸಾವಿದೆ, ಕೊಂದವರಿಲ್ಲ. ತಾತನಿಗೆ ತಾವು ಕೊಂದ ಹಕ್ಕಿಗಳ ಲೆಕ್ಕ ಸುಮಾರಾಗಿಯಾದರೂ ಇತ್ತು. ನನ್ನ ಲೆಕ್ಕ ನನಗೇ ಗೊತ್ತಿಲ್ಲ.

ಇದನ್ನು ಬಂದೂಕಿನ ಪರವಾದ ವಾದವಾಗಿ ಬಳಸಿದರೆ ಮೋಸವಾಗುತ್ತದೆ. ಕಾಣದ ಕೊಲೆ ಇದೆಯೆಂದು ಕಾಣುವ ಕೊಲೆ ಸರಿಯಾಗುವುದಿಲ್ಲ. ಆದರೆ ಬಂದೂಕು ಕೆಳಗಿಟ್ಟ ಮಾತ್ರಕ್ಕೆ ಅಹಿಂಸೆ ಬಂತೆಂದು ನಂಬುವುದೂ ಅಷ್ಟೇ ಮೋಸ. ತಾತನಿಂದ ನನಗೆ ದಕ್ಕಬೇಕಾದ ಆಸ್ತಿ ಆ ಜೋಡಿ ನಳಿಗೆಯಲ್ಲ, 40 ಗಜದ ಆ ಗಡಿ. ನನ್ನ ಕೈಯ ಪರಿಣಾಮ ಎಲ್ಲಿಯವರೆಗೆ ನನ್ನ ಹತೋಟಿಯಲ್ಲಿದೆ, ಎಲ್ಲಿಂದ ಅದು ಚದುರಿ ಯಾರನ್ನೋ ಕುಂಟಾಗಿಸುತ್ತದೆ ಎಂದು ಅಳೆಯುವ ಅಭ್ಯಾಸ ಅದು. ಗೊಬ್ಬರಕ್ಕೂ ಕೀಟನಾಶಕಕ್ಕೂ ಕರೆಂಟಿಗೂ ಆ ಗಡಿಯನ್ನು ಎಳೆಯುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ.

ಕಳೆದ ವಾರ ಊರಿಗೆ ಹೋಗಿ, ಅರ್ಜಿ ಹಾಕುವುದಿಲ್ಲ ಎಂದು ಅಪ್ಪನಿಗೆ ಹೇಳಿದೆ. ಉದ್ದೇಶದ ಕಾಲಮ್ಮಿನಲ್ಲಿ 'ಬೆಳೆ ರಕ್ಷಣೆ' ಎಂದು ಬರೆಯಬಹುದಿತ್ತು. ಆದರೆ ಬಾತನ್ನು ಹೊಡೆಯುವಂತಿಲ್ಲ, ಬರೀ ಸದ್ದಿಗಾದರೆ ತಗಡಿನ ಡಬ್ಬಿ ಸಾಕು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬಂದೂಕ ಹೋಗ್ಲಿ ಬಿಡು. ರಾತ್ರಿ ಬಂದು ಸಸಿಮಡಿ ತುಳಿಯೋ ಬಾತಿಗೆ ಏನ್ ಹೇಳ್ತಿ? ಅದನ್ನೂ ಬರ್ದು ಕೊಡು" ಎಂದರು.

ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಆ ರಾತ್ರಿ ಡಬ್ಬಿ ಹಿಡಿದು ಗದ್ದೆಗೆ ಹೋದವನು ನಾನೇ.