ಮರಳಿನಲ್ಲಿ ನಿಂತ ಬನ್ನಿ



ದಸರಾ ಹತ್ತಿರ ಬಂತೆಂದರೆ ನಮ್ಮಲ್ಲಿ ಅನೇಕರು ಊರಿನಿಂದ ಬರುವವರ ಕೈಯಲ್ಲಿ ಬನ್ನಿ ಎಲೆ ತರಿಸಿಕೊಳ್ಳುತ್ತಾರೆ. ಅದು ಇಲ್ಲಿಗೆ ತಲುಪುವಾಗ ಒಣಗಿ ಪುಡಿಯಾಗಿರುತ್ತದೆ. ಆದರೆ ದುಬೈನ ಮುಶ್ರಿಫ್ ಪಾರ್ಕಿನಲ್ಲಿ ನಾವು ಯಾವ ಘಾಫ್ ಮರದ ನೆರಳಿನಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚುತ್ತೇವೆಯೋ, ಅದೇ ನಮ್ಮ ಶಮೀವೃಕ್ಷ. ಅದೇ ಬನ್ನಿ! ಈ ದೇಶ 2008ರಲ್ಲಿ ಅದನ್ನು ರಾಷ್ಟ್ರೀಯ ವೃಕ್ಷವೆಂದು ಘೋಷಿಸಿತು. 2019ರ ಸಹಿಷ್ಣುತಾ ವರ್ಷದ ಲಾಂಛನವೂ ಅದೇ ಆಗಿತ್ತು.

ಈ ಬೇಸಿಗೆಯಲ್ಲಿ ಕೆಲಸ ಕಳೆದುಕೊಂಡು, ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿದ ಸೋದರರೊಬ್ಬರು ನನ್ನ ಬಳಿ ಬಂದಿದ್ದರು. "ಒಂದು ವರ್ಷ ಸುಮ್ಮನೆ ಹಾಳಾಯಿತು, ಏನೂ ಬೆಳೆಯಲಿಲ್ಲ" ಎಂದರು. ಆಗ ನನಗೆ ನೆನಪಾದದ್ದು ಈ ಮರ.

ಬೀಜದಿಂದ ಮೊಳೆತ ಬನ್ನಿ ಮೊದಮೊದಲು ಮೇಲಕ್ಕಿಂತ ಕೆಳಕ್ಕೇ ಹೆಚ್ಚು ಬೆಳೆಯುತ್ತದೆ. ನೋಡುವವರಿಗೆ ಗೇಣುದ್ದದ ಕಡ್ಡಿ, ಅಷ್ಟೇ. ದೊಡ್ಡ ಮರದ ಬೇರು 30 ಮೀಟರಿನಷ್ಟು ಆಳಕ್ಕೂ ಹೋಗಬಲ್ಲದು. ಅಲ್ಲಿಂದ ತುದಿಯ ಎಲೆಗೆ ನೀರು ಏರುವುದು ಹೇಗೆ? ನಮ್ಮ ಕಟ್ಟಡಗಳಲ್ಲಾದರೆ ಮೋಟಾರು ಬೇಕು. ಮರಕ್ಕೆ ಮೋಟಾರಿಲ್ಲ, ಹೃದಯವೂ ಇಲ್ಲ. ಎಲೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗುವಾಗ ತನ್ನ ಹಿಂದಿನ ನೀರನ್ನು ಎಳೆಯುತ್ತದೆ, ಅದು ತನ್ನ ಹಿಂದಿನದನ್ನು. ಹೀಗೆ ಬೇರಿನವರೆಗೂ ನೀರಿನದೇ ಒಂದು ಹಗ್ಗ. ಅದು ಏರುವ ನಾಳಗಳು ಸತ್ತ ಕೋಶಗಳಿಂದಾದವು. ಜೀವ ಬಿಟ್ಟ ಮೇಲೆಯೇ ಅವು ನೀರು ಹೊರಲು ಯೋಗ್ಯವಾಗುವುದು. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಒಣಗಾಲದಲ್ಲಿ ಎಳೆತ ಅತಿಯಾಗಿ ನಾಳದೊಳಗೆ ಗಾಳಿಗುಳ್ಳೆ ಹೊಕ್ಕರೆ ಆ ಹಗ್ಗ ತುಂಡಾಗುತ್ತದೆ. ಆಗ ನೀರು ಪಕ್ಕದ ನಾಳ ಹಿಡಿದು ಮೇಲೇರುತ್ತದೆ. ಹಾಗಾಗದಿರಲೆಂದೇ ಮರ ಉರಿಬಿಸಿಲಿನಲ್ಲಿ ಎಲೆಯ ರಂಧ್ರಗಳನ್ನು ಕಿರಿದು ಮಾಡಿಕೊಳ್ಳುತ್ತದೆ. ಹಿಮದ ನಾಡಿನ ಎಷ್ಟೋ ಮರಗಳು ಚಳಿಗೆ ಎಲೆ ಉದುರಿಸುತ್ತವೆ, ನಮ್ಮೂರಿನ ತೇಗ ಬೇಸಿಗೆಗೆ ಬೋಳಾಗುತ್ತದೆ. ಬನ್ನಿಯಾದರೋ ಬೇಸಿಗೆ ಏರುವ ಹೊತ್ತಿಗೆ ಹೊಸ ಚಿಗುರು ಹೊತ್ತು ನಿಂತಿರುತ್ತದೆ. ಅದರ ಬೇರು ಆಗಲೇ ಅಂತರ್ಜಲ ಮುಟ್ಟಿರುತ್ತದೆಯಲ್ಲವೇ?

ವಿರಾಟಪರ್ವ ನೆನಪಿಸಿಕೊಳ್ಳಿ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಒಪ್ಪಿಸಿದ್ದು ಶಮೀವೃಕ್ಷಕ್ಕೇ. ನಕುಲ ಮರ ಹತ್ತಿ ಕಟ್ಟಿದ. ಯಾರೂ ಹತ್ತಿರ ಸುಳಿಯಬಾರದೆಂದು ಅಲ್ಲೊಂದು ಶವವನ್ನೂ ತೂಗುಹಾಕಿದರು. ಆ ವರ್ಷ ಅರ್ಜುನ ಬೃಹನ್ನಳೆಯಾಗಿ ರಾಜಕುಮಾರಿಗೆ ನೃತ್ಯ ಕಲಿಸುತ್ತಿದ್ದ. ಅರಮನೆಯವರ ಕಣ್ಣಿಗೆ ಅವನ ಪರಾಕ್ರಮ ಬೀಳಲೇ ಇಲ್ಲ. ಹಾಗೆಂದು ಆ ವರ್ಷ ಹಾಳಾಯಿತೆನ್ನೋಣವೇ? ಉತ್ತರಕುಮಾರ ಮರ ಹತ್ತಿ ಇಳಿಸಿಕೊಟ್ಟಾಗ ಗಾಂಡೀವ ಇಟ್ಟಂತೆಯೇ ಇತ್ತು.

ಈ ವಿಜಯದಶಮಿಗೆ ಮಕ್ಕಳನ್ನು ಕರೆದುಕೊಂಡು ಘಾಫ್ ಮರದ ಬಳಿಗೇ ಹೋಗೋಣ. ಕೊಂಬೆ ಮುರಿಯಬೇಡಿ, ಇಲ್ಲಿ ಅದು ಕಾನೂನಿನ ರಕ್ಷಣೆಯಲ್ಲಿರುವ ಮರ. ಉದುರಿದ ಎಲೆಯನ್ನೇ ಆರಿಸಿ ಕೈಗೆ ಕೈ ಕೊಟ್ಟು ಬಂಗಾರದಂತಿರೋಣ ಎಂದುಕೊಳ್ಳೋಣ. ಆ ಸೋದರರೂ ಬರುತ್ತೇನೆಂದಿದ್ದಾರೆ.